ಸಲಿಕೆಗೆ ಅಂಟಿದ ಮಸಿ

ಮಾತನ್ನು ಸುತ್ತಿ ಬಳಸದೆ ಮುಖಕ್ಕೆ ಹೊಡೆದಂತೆ ಹೇಳುವವರನ್ನು ಇಂಗ್ಲಿಷಿನಲ್ಲಿ 'ಸ್ಪೇಡನ್ನು ಸ್ಪೇಡ್ ಎಂದೇ ಕರೆಯುವವರು' ಎನ್ನುವುದುಂಟು. ಸ್ಪೇಡ್ ಎಂದರೆ ತೋಟ ಅಗೆಯುವ ಸಲಿಕೆ. ಸಲಿಕೆ ಕಣ್ಣೆದುರಿಗೆ ಇರುವಾಗ ಅದಕ್ಕೆ 'ಭೂಮಿಯನ್ನು ಹದಗೊಳಿಸುವ ಉಪಕರಣ' ಎಂದೆಲ್ಲ ಬಣ್ಣ ಕಟ್ಟುವುದೇಕೆ, ಸಲಿಕೆ ಎಂದರೆ ಸಾಲದೆ ಎಂಬುದು ಮಾತಿನ ಇಂಗಿತ. ಕನ್ನಡದ ಗಾದೆ ಇದೇ ವಿಷಯವನ್ನು ಬೇರೆ ಮಗ್ಗುಲಿನಿಂದ ನೋಡಿದೆ: ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇಂಗ್ಲಿಷಿನ ಮಾತಿನಲ್ಲಿರುವುದು ಹೇಳುವವನ ದಿಟ್ಟತನದ ಮೆಚ್ಚುಗೆ. ಕನ್ನಡದ ಮಾತಿನಲ್ಲಿರುವುದು ಅವನಿಗೆ ಬೀಳುವ ಒದೆಯ ಲೆಕ್ಕ.

ವಿಚಿತ್ರವೆಂದರೆ, ಕೆಲವು ದಶಕಗಳಿಂದ ಆ ಇಂಗ್ಲಿಷ್ ಮಾತಿಗೇ ಒದೆ ಬೀಳುತ್ತಿದೆ. ಅಮೆರಿಕದಲ್ಲಿ ಸಭೆಯೊಂದರಲ್ಲಿ ಯಾರಾದರೂ ಈ ನುಡಿಗಟ್ಟನ್ನು ಬಳಸಿದರೆ, ಅಲ್ಲಿರುವ ಕಪ್ಪು ಜನರಲ್ಲಿ ಕೆಲವರಾದರೂ ಹುಬ್ಬು ಗಂಟಿಕ್ಕುವ ಸಂಭವವಿದೆ. ಕಾರಣ, ಬೀದಿಮಾತಿನ ಇಂಗ್ಲಿಷಿನಲ್ಲಿ 'ಸ್ಪೇಡ್' ಎಂಬುದು ಕಪ್ಪು ಮನುಷ್ಯನನ್ನು ಹೀಯಾಳಿಸುವ ಪದವೂ ಹೌದು. ಮಣ್ಣು ಅಗೆಯುವ ಒಂದು ಸಾಧು ಸಾಧನಕ್ಕೆ ಈ ಮಸಿ ಎಲ್ಲಿಂದ ಅಂಟಿತು ಎಂದು ಹುಡುಕಹೊರಟರೆ ದಾರಿ ಗ್ರೀಸ್, ಈಜಿಪ್ಟ್, ಇಟಲಿ, ಲಂಡನ್ನುಗಳನ್ನು ಸುತ್ತಿ ನ್ಯೂಯಾರ್ಕಿನ ಹಾರ್ಲೆಮಿಗೆ ಮುಟ್ಟುತ್ತದೆ. ಕನ್ನಡಕ್ಕೂ ಅದರದೊಂದು ಕವಲು ಬಂದಿದೆ.

ಮೊದಲು ನುಡಿಗಟ್ಟಿನ ಕಥೆ. ಅದು ಹುಟ್ಟಿದ್ದು ಗ್ರೀಕ್ ಭಾಷೆಯಲ್ಲಿ, ಮತ್ತು ಅಲ್ಲಿ ಸಲಿಕೆಯ ಸುಳಿವೇ ಇಲ್ಲ. ಅಂಜೂರವನ್ನು ಅಂಜೂರ ಎನ್ನುವುದು, 'ಸ್ಕಾಫೆ'ಯನ್ನು ಸ್ಕಾಫೆ ಎನ್ನುವುದು ಎಂಬುದು ಮೂಲದ ಮಾತು. ಸ್ಕಾಫೆ ಎಂದರೆ ಮರವನ್ನು ತೋಡಿ ಮಾಡಿದ ಪಾತ್ರೆ, ಹಿಟ್ಟು ನಾದುವ ಮರಿಗೆಯಂಥದು. ಚಿಕ್ಕ ನಾವೆಗೂ ಅದೇ ಹೆಸರು. ಕನ್ನಡದಲ್ಲಿ ಹೊಳೆ ದಾಟಿಸುವುದೂ ದೋಣಿ, ದನ ನೀರು ಕುಡಿಯುವ ಕಲ್ಲಿನದೂ ದೋಣಿಯೇ ಆಗಿರುವುದನ್ನು ನೆನೆದರೆ ಗ್ರೀಕರ ಈ ಬಳಕೆ ಅಪರಿಚಿತವೆನಿಸದು. ಕ್ರಿ.ಶ. ಎರಡನೆಯ ಶತಮಾನದ ಲೂಸಿಯನ್ ಎಂಬ ಲೇಖಕ, ಇತಿಹಾಸವನ್ನು ಹೇಗೆ ಬರೆಯಬೇಕೆಂದು ಹೇಳುವ ತನ್ನ ಪುಸ್ತಕದಲ್ಲಿ ಈ ಮಾತನ್ನು ಎತ್ತಿಕೊಂಡು, ಇತಿಹಾಸಕಾರನಿಗೆ ಇರಬೇಕಾದ ಗುಣ ಇದು ಎಂದ.

ಆದರೆ ನುಡಿಗಟ್ಟನ್ನು ಯುರೋಪಿಗೆಲ್ಲ ಹಬ್ಬಿಸಿದ್ದು ಪ್ಲುಟಾರ್ಕ್ ಹೇಳಿದ ಒಂದು ಪ್ರಸಂಗ. ಉತ್ತರ ಗ್ರೀಸಿನಲ್ಲಿ ಒಲಿಂಥಸ್ ಎಂಬ ಶ್ರೀಮಂತ ನಗರವಿತ್ತು. ಅಲೆಕ್ಸಾಂಡರನ ತಂದೆ, ಮ್ಯಾಸಿಡೋನಿಯದ ಫಿಲಿಪ್, ಕ್ರಿ.ಪೂ. 348ರಲ್ಲಿ ಅದನ್ನು ಹಿಡಿದು ನೆಲಸಮ ಮಾಡಿ, ಸಿಕ್ಕ ಜನರನ್ನು ಗುಲಾಮರನ್ನಾಗಿ ಮಾರಿದ. ನಗರ ಬಿದ್ದದ್ದು ಬರಿಯ ಯುದ್ಧದಿಂದಲ್ಲ, ಒಳಗಿನವರ ದ್ರೋಹದಿಂದ. ದ್ರೋಹ ಬಗೆದವರ ಮುಂದಾಳುಗಳಲ್ಲಿ ಒಬ್ಬ ಲಾಸ್ಥೆನಿಸ್. ಈ ಲಾಸ್ಥೆನಿಸನ ಕಡೆಯವರು ಮುಂದೆ ಫಿಲಿಪನ ಬಳಿ ಬಂದು, ನಿಮ್ಮ ಜನ ನಮ್ಮನ್ನು ದ್ರೋಹಿಗಳು ಎನ್ನುತ್ತಾರೆ ಎಂದು ದೂರಿಕೊಂಡರಂತೆ. ಅದಕ್ಕೆ ಫಿಲಿಪನ ಉತ್ತರ: ಮ್ಯಾಸಿಡೋನಿಯದವರು ಒರಟರು, ಹಳ್ಳಿಗರು, ಮರಿಗೆಯನ್ನು ಮರಿಗೆ ಎಂದೇ ಕರೆದುಬಿಡುತ್ತಾರೆ. ದ್ರೋಹದ ಫಲವನ್ನೆಲ್ಲ ತಾನು ಉಂಡು, ದ್ರೋಹಿಗಳಿಗೆ ಹೆಸರೊಂದನ್ನು ಉಳಿಸಿದ ರಾಜನ ಈ ಹಾಸ್ಯದಲ್ಲಿ ವಿಷ ಸಾಕಷ್ಟಿದೆ. ನಯವಾದ ಮಾತನ್ನು ಬೇಡಿಕೊಂಡು ಬಂದವರು ಯಾರು ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಮರಿಗೆ ಸಲಿಕೆಯಾದದ್ದು ಹದಿನಾರನೆಯ ಶತಮಾನದಲ್ಲಿ. ಮಾಡಿದವನು ಆ ಕಾಲದ ಯುರೋಪಿನಲ್ಲೇ ದೊಡ್ಡ ವಿದ್ವಾಂಸನೆನಿಸಿದ್ದ ರಾಟರ್‌ಡ್ಯಾಮಿನ ಎರಾಸ್ಮಸ್. ಹಳೆಯ ಗ್ರೀಕ್ ಮತ್ತು ಲ್ಯಾಟಿನ್ ಗಾದೆಗಳನ್ನು ಕೂಡಿಹಾಕುವ ಹುಚ್ಚು ಅವನಿಗೆ. 1500ರಲ್ಲಿ ಸುಮಾರು 800 ಗಾದೆಗಳಿಂದ ಆರಂಭವಾದ ಅವನ ಸಂಗ್ರಹ ಅವನು ಸಾಯುವ ಹೊತ್ತಿಗೆ 4,000ವನ್ನು ದಾಟಿತ್ತು. ಈ ಮಾತನ್ನು ಲ್ಯಾಟಿನ್ನಿಗೆ ತರುವಾಗ ಅವನು ಸ್ಕಾಫೆಗೆ ಪ್ರತಿಯಾಗಿ 'ಲಿಗೊ' ಎಂಬ ಪದವನ್ನು ಇಟ್ಟ. ಲಿಗೊ ಎಂದರೆ ಅಲಗು ಬಾಗಿದ, ಎಳೆದು ಅಗೆಯುವ ಸಾಧನ, ಹೆಚ್ಚುಕಡಿಮೆ ನಮ್ಮ ಗುದ್ದಲಿ. ಎಡವಟ್ಟಾದದ್ದು ಎಲ್ಲಿ ಎಂದು ಊಹಿಸುವುದು ಕಷ್ಟವಲ್ಲ. ಗ್ರೀಕಿನಲ್ಲಿ ಸ್ಕಾಫೆ ಎಂಬುದು ಅಗೆಯುವುದು, ತೋಡುವುದು ಎಂಬ ಧಾತುವಿನಿಂದಲೇ ಬಂದದ್ದು. ಅಗೆಯುವ ಸಾಧನದ ಹೆಸರೂ ಅದೇ ಧಾತುವಿನದು. ತೋಡಿದ ವಸ್ತು ಎರಾಸ್ಮಸನ ಲೇಖನಿಯಲ್ಲಿ ತೋಡುವ ವಸ್ತುವಾಯಿತು.

ಲ್ಯಾಟಿನ್ನಿನ ಗುದ್ದಲಿಯನ್ನು ಇಂಗ್ಲಿಷಿನ ಸಲಿಕೆ ಮಾಡಿದವನು ನಿಕೋಲಸ್ ಯೂಡಲ್. ಈಟನ್ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ಈತ 1542ರಲ್ಲಿ ಎರಾಸ್ಮಸನ ಇನ್ನೊಂದು ಸಂಗ್ರಹವನ್ನು ಇಂಗ್ಲಿಷಿಗೆ ತಂದಾಗ ಫಿಲಿಪನ ಬಾಯಿಗೆ 'ಸ್ಪೇಡ್' ಎಂಬ ಮಾತನ್ನು ಹಾಕಿದ. ಸ್ಪೇಡ್ ಎಂದರೆ ಉದ್ದ ಹಿಡಿಯ, ಚಪ್ಪಟೆ ಅಲಗಿನ, ಕಾಲಿನಿಂದ ತುಳಿದು ಮಣ್ಣಿಗಿಳಿಸುವ ಸಾಧನ. ಹೀಗೆ ಹಿಟ್ಟಿನ ಮರಿಗೆ ಎರಡು ಅನುವಾದಗಳನ್ನು ದಾಟುವಷ್ಟರಲ್ಲಿ ಇಂಗ್ಲೆಂಡಿನ ತೋಟಕ್ಕೆ ಬಂದು ನಿಂತಿತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆನ್ನುವ ಮಾತೇ ಇದ್ದ ಹಾಗೆ ದಾಟಿ ಬರಲಿಲ್ಲ! ಎರಾಸ್ಮಸ್ ಮರಿಗೆಯನ್ನು ಮರಿಗೆಯಾಗಿಯೇ ಬಿಟ್ಟಿದ್ದರೆ ಮುಂದಿನ ರಗಳೆಯೊಂದೂ ಇರುತ್ತಿರಲಿಲ್ಲ.

ಹಾಗೆ ನೋಡಿದರೆ ಸಲಿಕೆಗೆ ಬಣ್ಣದ ಗೊಡವೆಗಿಂತ ಮೊದಲೇ ಅಂತಸ್ತಿನ ಗೊಡವೆ ಇತ್ತು. ಸಲಿಕೆ ಹಿಡಿಯುವವನು ಆಳು. ಅದರ ಹೆಸರೆತ್ತುವವನು ಆಳಿನ ಭಾಷೆ ಆಡುವವನು. 1895ರಲ್ಲಿ ಲಂಡನ್ನಿನ ರಂಗಕ್ಕೆ ಬಂದ ಆಸ್ಕರ್ ವೈಲ್ಡ್‌ನ 'ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್' ನಾಟಕದಲ್ಲಿ ಇಬ್ಬರು ತರುಣಿಯರು ಚಹಾ ಕುಡಿಯುತ್ತ ಜಗಳಕ್ಕೆ ನಿಲ್ಲುವ ದೃಶ್ಯವಿದೆ. ಒಬ್ಬಳು ತಾನು ನೇರ ಮಾತಿನವಳೆಂದು ತೋರಿಸಲು ಈ ನುಡಿಗಟ್ಟನ್ನು ಪ್ರಯೋಗಿಸಿದರೆ, ಇನ್ನೊಬ್ಬಳು ತನಗೆ ಸಲಿಕೆಯ ದರ್ಶನವೇ ಆಗಿಲ್ಲವೆಂದು ಹೆಮ್ಮೆಪಡುತ್ತಾಳೆ. ಐರ್ಲೆಂಡಿನಲ್ಲಂತೂ ಸಲಿಕೆ ಧರ್ಮವನ್ನೇ ಹೇಳುತ್ತದೆ. ಕ್ಯಾಥೊಲಿಕರು ಎಡಗಾಲಿನಿಂದ ತುಳಿದು ಅಗೆಯುತ್ತಾರೆ, ಪ್ರಾಟೆಸ್ಟೆಂಟರು ಬಲಗಾಲಿನಿಂದ ಎಂಬ ನಂಬಿಕೆ ಅಲ್ಲಿ ಬೇರೂರಿ, 'ಆತ ಇನ್ನೊಂದು ಕಾಲಿನಲ್ಲಿ ಅಗೆಯುವವನು' ಎಂದರೆ ಪರಧರ್ಮದವನು ಎಂಬ ಅರ್ಥ ಬಂತು. ಕ್ಯಾಥೊಲಿಕನಿಗೆ 'ಎಡಗಾಲಿನವನು' ಎಂಬುದು ಬೈಗುಳವೇ ಆಯಿತು. ಒಂದೇ ಕೆಸರಿನಲ್ಲಿ ಒಂದೇ ಆಲೂಗಡ್ಡೆಗಾಗಿ ಅಗೆಯುವವರ ನಡುವೆ ಕಾಲು ನೋಡಿ ಗೆರೆ ಎಳೆದರೆಂದರೆ, ಮನುಷ್ಯನಿಗೆ ನೆಪ ಎಷ್ಟು ಸಣ್ಣದಿದ್ದರೂ ಸಾಕು.

ಇಷ್ಟಾದರೂ ಈ ಸಲಿಕೆಗೂ ಮೈಬಣ್ಣಕ್ಕೂ ಸಂಬಂಧ ಬಂದಿಲ್ಲ. ಆ ಸಂಬಂಧ ಬಂದದ್ದು ಇನ್ನೊಂದು ಸ್ಪೇಡಿನಿಂದ, ಇಸ್ಪೀಟಿನ ಎಲೆಯ ಮೇಲಿರುವ ಕಪ್ಪು ಗುರುತಿನ ಸ್ಪೇಡಿನಿಂದ. ಕಾಗುಣಿತ ಒಂದೇ, ಉಚ್ಚಾರ ಒಂದೇ, ಆಕಾರವೂ ಒಂದಿಷ್ಟು ಸಲಿಕೆಯ ಹಾಗೇ ಇದೆ. ಆದರೆ ಪದ ಬೇರೆ.

ಇಸ್ಪೀಟಿನ ಎಲೆಗಳು ಯುರೋಪಿಗೆ ಬಂದದ್ದು 1370ರ ದಶಕದಲ್ಲಿ, ಮುಸ್ಲಿಂ ಜಗತ್ತಿನಿಂದ. ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕರ ಕಾಲದ ಒಂದು ಕಟ್ಟು ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿದೆ, ಎಲ್. ಎ. ಮೇಯರ್ ಎಂಬ ವಿದ್ವಾಂಸ 1939ರಲ್ಲಿ ಅದರ ಬಗ್ಗೆ ಬರೆದು ಜಗತ್ತಿಗೆ ಪರಿಚಯಿಸಿದ. ಅದರ ನಾಲ್ಕು ಬಣಗಳು ಕತ್ತಿ, ಪೋಲೊ ಕೋಲು, ಬಟ್ಟಲು ಮತ್ತು ನಾಣ್ಯ. ಇಟಲಿ ಮತ್ತು ಸ್ಪೇನಿನವರು ಇವನ್ನೇ ಎತ್ತಿಕೊಂಡರು. ಪೋಲೊ ಆಟ ಗೊತ್ತಿಲ್ಲದ್ದರಿಂದ ಕೋಲು ದೊಣ್ಣೆಯಾಯಿತು, ಉಳಿದವು ಹಾಗೇ ಉಳಿದವು. ಇಟಾಲಿಯನ್ನಿನಲ್ಲಿ ಕತ್ತಿಗೆ 'ಸ್ಪಾಡಾ', ಬಹುವಚನದಲ್ಲಿ 'ಸ್ಪಾದೆ'. ಮೊಗಲರ ಗಂಜೀಫಾದ ಎಂಟು ಬಣಗಳಲ್ಲೂ 'ಶಂಶೇರ್' ಎಂಬ ಕತ್ತಿಯ ಬಣವಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರೆಂಚರು ಅಚ್ಚು ಹಾಕಲು ಸುಲಭವಾಗುವಂತೆ ಹೊಸ ಗುರುತುಗಳನ್ನು ಮಾಡಿಕೊಂಡರು. ಇಂದು ಎಲ್ಲೆಡೆ ಕಾಣುವ ಕೆಂಪು ಹೃದಯ, ಕೆಂಪು ಹರಳು, ಕಪ್ಪು ಮೂರೆಲೆ, ಕಪ್ಪು ಈಟಿಮೊನೆ ಅವರವೇ. ಇಂಗ್ಲೆಂಡಿಗೆ ಎಲೆಗಳು ಬರುತ್ತಿದ್ದದ್ದು ಫ್ರಾನ್ಸಿನ ರೂಆನ್ ಪಟ್ಟಣದಿಂದ. ಆದರೆ ಇಂಗ್ಲಿಷರ ನಾಲಿಗೆಗೆ ಹಳೆಯ ದಕ್ಷಿಣದ ಹೆಸರುಗಳು ಆಗಲೇ ಒಗ್ಗಿದ್ದವು. ಹಾಗಾಗಿ ಗುರುತು ಫ್ರೆಂಚರದು, ಹೆಸರು ಇಟಲಿ-ಸ್ಪೇನಿನದು ಎಂಬ ಕಲಬೆರಕೆಯಾಯಿತು. ಮೂರೆಲೆಯ ಚಿತ್ರಕ್ಕೆ ಇಂಗ್ಲಿಷಿನವರು ದೊಣ್ಣೆ ಎಂಬರ್ಥದ 'ಕ್ಲಬ್' ಎನ್ನುವುದೇ ಇದಕ್ಕೆ ಸಾಕ್ಷಿ. ಹಾಗೆಯೇ ಫ್ರೆಂಚರ ಈಟಿಮೊನೆ ಇಂಗ್ಲಿಷಿನಲ್ಲಿ ಸ್ಪೇಡ್, ಅಂದರೆ ಕತ್ತಿ. ಆ ಚಿತ್ರ ಸಲಿಕೆಯಂತೆಯೂ ಕಾಣುವುದರಿಂದ ಹೆಸರು ಭದ್ರವಾಗಿ ಕೂತಿತು.

ಇಲ್ಲಿ ಪದಗಳ ಹುಚ್ಚಿರುವವರಿಗೆ ಒಂದು ಸೊಗಸಾದ ಸಂಗತಿಯಿದೆ. ಇಟಲಿಯ ಸ್ಪಾಡಾ ಎಂಬ ಕತ್ತಿಯ ಮೂಲ ಗ್ರೀಕಿನ 'ಸ್ಪಾಥೆ', ಅಂದರೆ ಅಗಲವಾದ ಚಪ್ಪಟೆ ಅಲಗು. ಔಷಧದಂಗಡಿಯಲ್ಲಿ ಮುಲಾಮು ತೀಡುವ ಸ್ಪ್ಯಾಚುಲಾ ಅದರ ಮರಿ. ಇಂಗ್ಲಿಷಿನ ಸಲಿಕೆಯ ಸ್ಪೇಡ್ ಇತ್ತ ಜರ್ಮನಿಕ್ ಮನೆತನದ್ದು, ಆದರೆ ಅದೂ ಗ್ರೀಕಿನ ಸ್ಪಾಥೆಯ ದಾಯಾದಿ. ಅಂದರೆ ಕತ್ತಿ ಮತ್ತು ಸಲಿಕೆ ಇತಿಹಾಸಪೂರ್ವ ಕಾಲದಲ್ಲಿ ಮನೆ ಬಿಟ್ಟು ಹೋದ ಒಂದೇ ವಂಶದವರು. ಸಾವಿರಾರು ವರ್ಷಗಳ ನಂತರ ಲಂಡನ್ನಿನ ಜೂಜುಕಟ್ಟೆಯಲ್ಲಿ ಗುರುತು ಸಿಗದೆ ಒಂದೇ ಹೆಸರಿನಲ್ಲಿ ಎದುರಾದರು.

ನಾಲ್ಕು ಬಣಗಳಲ್ಲಿ ಸ್ಪೇಡಿಗೆ, ಅದರಲ್ಲೂ ಅದರ ಎಕ್ಕಕ್ಕೆ, ವಿಶೇಷ ಕೀರ್ತಿ ಬಂದದ್ದು ತೆರಿಗೆಯಿಂದ. 1711ರಲ್ಲಿ ರಾಣಿ ಆ್ಯನ್ ಕಾಲದ ಸರಕಾರ ಇಸ್ಪೀಟು ಕಟ್ಟಿನ ಮೇಲೆ ಆರು ಪೆನ್ಸ್ ತೆರಿಗೆ ಹಾಕಿತು. ತೆರಿಗೆ ಸಂದಾಯವಾದ ಗುರುತನ್ನು ಕಾಲಕ್ರಮದಲ್ಲಿ ಸ್ಪೇಡಿನ ಎಕ್ಕದ ಮೇಲೆ ಒತ್ತುವುದು ರೂಢಿಯಾಗಿ, 1765ರಿಂದ ಆ ಒಂದು ಎಲೆಯನ್ನು ಸರಕಾರದ ಸ್ಟಾಂಪು ಕಚೇರಿಯೇ ಮುದ್ರಿಸಿ ಕೊಡತೊಡಗಿತು. ಅದನ್ನು ಖೋಟಾ ಮಾಡಿದರೆ ನೇಣು. 1805ರಲ್ಲಿ ರಿಚರ್ಡ್ ಹಾರ್ಡಿಂಗ್ ಎಂಬವನನ್ನು ಖೋಟಾ ಎಕ್ಕದ ಸಲುವಾಗಿ ಗಲ್ಲಿಗೇರಿಸಿಯೂ ಬಿಟ್ಟರು. ತೆರಿಗೆ ಪೂರ್ತಿ ರದ್ದಾದದ್ದು 1960ರಲ್ಲಿ. ಆದರೆ ಕಟ್ಟಿನ ಉಳಿದೆಲ್ಲ ಎಕ್ಕಗಳು ಬೋಳಾಗಿದ್ದು ಸ್ಪೇಡಿನದು ಮಾತ್ರ ಬಳ್ಳಿ ಕೆತ್ತನೆಗಳಿಂದ ಮೆರೆಯುವುದು ಅಂದಿನಿಂದ ಉಳಿದುಬಂದ ವಾಡಿಕೆ. ಎಲೆಯ ನಡುವೆ ಅಷ್ಟು ದೊಡ್ಡದಾಗಿ, ಕಡುಗಪ್ಪಾಗಿ ಕೂತ ಆ ಗುರುತು ಜನರ ಕಣ್ಣಲ್ಲಿ ನಿಂತಿತು. ಹತ್ತೊಂಬತ್ತನೆಯ ಶತಮಾನದಲ್ಲಿ 'ಸ್ಪೇಡಿನ ಎಕ್ಕದಷ್ಟು ಕಪ್ಪು' ಎಂಬ ಹೋಲಿಕೆ ಇಂಗ್ಲಿಷಿನಲ್ಲಿ ಸಲೀಸಾಗಿ ಓಡಾಡುತ್ತಿತ್ತು. ಇದ್ದಲು, ಕಾಗೆ, ಕಾಡಿಗೆ ಎನ್ನುವಂತೆ, ಕಪ್ಪಿಗೆ ಇನ್ನೊಂದು ಉಪಮಾನ.

ಉಪಮಾನ ಮನುಷ್ಯನ ಹೆಸರಾದದ್ದು ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ. 1920ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಕಪ್ಪು ಜನರ ಸಾಹಿತ್ಯ, ಸಂಗೀತಗಳ ರಾಜಧಾನಿಯಾಗಿತ್ತು. ಅಲ್ಲಿನ ಬರಹಗಾರರ ಪುಸ್ತಕಗಳಲ್ಲೇ ಈ ಬಳಕೆಯ ಮೊದಲ ಮುದ್ರಿತ ನಿದರ್ಶನಗಳು ಸಿಗುತ್ತವೆ. ಜಮೈಕಾದಲ್ಲಿ ಹುಟ್ಟಿದ ಕ್ಲಾಡ್ ಮೆಕೇ 1928ರಲ್ಲಿ ಬರೆದ 'ಹೋಮ್ ಟು ಹಾರ್ಲೆಮ್', ವ್ಯಾಲೇಸ್ ಥರ್ಮನ್ 1929ರಲ್ಲಿ ಬರೆದ 'ದಿ ಬ್ಲ್ಯಾಕರ್ ದ ಬೆರಿ' ಎಂಬ ಕಾದಂಬರಿಗಳಲ್ಲಿ ಪಾತ್ರಗಳು ಸ್ಪೇಡ್ ಎನ್ನುತ್ತವೆ. ಥರ್ಮನ್ನನ ಕಾದಂಬರಿಯ ವಸ್ತುವೇ ಕಪ್ಪು ಜನರ ಒಳಗೂ ಇದ್ದ ಎಣ್ಣೆಗೆಂಪು, ಕಡುಗಪ್ಪು ಎಂಬ ಭೇದ. ಹೆಚ್ಚು ಕಪ್ಪಗಿರುವ ಒಬ್ಬ ಹುಡುಗಿ ತನ್ನವರಲ್ಲೇ ಪಡುವ ಪಾಡು. ಕೇರಿಯೊಳಗೆ ತಮ್ಮತಮ್ಮಲ್ಲೇ ಆಡಿಕೊಳ್ಳುವಾಗ ಅರ್ಧ ಗೇಲಿ, ಅರ್ಧ ಸಲಿಗೆಯಾಗಿದ್ದ ಮಾತು ಕೇರಿಯ ಹೊರಗಿನವನ ಬಾಯಿಗೆ ಹೋದಾಗ ಸಲಿಗೆ ಉದುರಿ ಗೇಲಿ ಮಾತ್ರ ಉಳಿಯಿತು. ಜಾತಿಯ ಹೆಸರುಗಳ ಗತಿಯನ್ನು ಕಂಡಿರುವ ಕನ್ನಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಮಹಾಯುದ್ಧದ ಬಳಿಕ ಪದ ಲಂಡನ್ನಿನಲ್ಲೂ ನೆಲೆಯೂರಿತು. 1948ರಲ್ಲಿ 'ಎಂಪೈರ್ ವಿಂಡ್‌ರಶ್' ಹಡಗು ವೆಸ್ಟ್ ಇಂಡೀಸಿನ ವಲಸಿಗರನ್ನು ಇಳಿಸಿದ ಮೇಲೆ ಲಂಡನ್ನಿನ ಕೆಲವು ಕೇರಿಗಳ ಬಣ್ಣವೇ ಬದಲಾಯಿತು. ಕಾಲಿನ್ ಮ್ಯಾಕಿನ್ನಿಸ್ ಎಂಬ ಬಿಳಿಯ ಕಾದಂಬರಿಕಾರ 1957ರಲ್ಲಿ ಈ ಜನರ ಬದುಕನ್ನು ಕುರಿತು ಬರೆದ ಪುಸ್ತಕಕ್ಕೆ 'ಸಿಟಿ ಆಫ್ ಸ್ಪೇಡ್ಸ್' ಎಂದೇ ಹೆಸರಿಟ್ಟ. ಅವನ ಉದ್ದೇಶ ಅವಮಾನವಲ್ಲ. ಪುಸ್ತಕದಲ್ಲಿ ಲಾಗೋಸಿನಿಂದ ಬಂದ ತರುಣನ ಕಣ್ಣಿನಿಂದ ಲಂಡನ್ನನ್ನು ತೋರಿಸಿದ್ದಾನೆ, ಮತ್ತು ಅಲ್ಲಿನ ಕಪ್ಪು ಪಾತ್ರಗಳು ಬಿಳಿಯರಿಗೂ 'ಜಂಬಲ್' ಎಂಬ ಅಡ್ಡಹೆಸರಿಟ್ಟು ಲೆಕ್ಕ ತೀರಿಸುತ್ತವೆ. ಆದರೆ ಮರುವರ್ಷವೇ, 1958ರಲ್ಲಿ, ನಾಟಿಂಗ್ ಹಿಲ್‌ನಲ್ಲಿ ಬಿಳಿಯ ಪುಂಡರು ವಲಸಿಗರ ಮನೆಗಳಿಗೆ ಕಲ್ಲು ತೂರಿದ ಗಲಭೆ ಹಲವು ರಾತ್ರಿ ನಡೆಯಿತು. ಅಂಥ ಬೀದಿಯಲ್ಲಿ ಹಾದುಹೋಗುವವನಿಗೆ ತನ್ನನ್ನು ಕೂಗಿದ ಪದದ ಹಿಂದಿನ ಪ್ರೀತಿಯನ್ನು ತೂಗಿ ನೋಡುವ ವ್ಯವಧಾನ ಇರುವುದಿಲ್ಲ. 1960ರ ದಶಕದ ಹಿಪ್ಪಿಗಳು ಇದನ್ನು ಸ್ನೇಹದ ಮಾತೆಂದೇ ಬಳಸಿದರಂತೆ. ಸ್ನೇಹಿತರಾದವರಿಗೆ ಅದು ಹಾಗೆ ಕೇಳಿಸಿತೇ ಎಂಬುದು ಬೇರೆ ಪ್ರಶ್ನೆ.

ಹೀಗೆ ಕಪ್ಪು ಎಲೆಯಿಂದ ಹುಟ್ಟಿದ ಬೈಗುಳ, ಹೆಸರಿನ ಹೋಲಿಕೆಯ ಸೇತುವೆ ದಾಟಿ, ಹಿಟ್ಟಿನ ಮರಿಗೆಯಿಂದ ಹುಟ್ಟಿದ ನುಡಿಗಟ್ಟಿಗೆ ತಗುಲಿಕೊಂಡಿತು. 'ಸ್ಪೇಡನ್ನು ಸ್ಪೇಡ್ ಎನ್ನಬೇಕು' ಎಂದಾಗ 'ಕರಿಯನನ್ನು ಕರಿಯನೆನ್ನಬೇಕು' ಎಂದು ಕೇಳುವ ಕಿವಿಗಳೂ, ಬೇಕೆಂದೇ ಆ ಅರ್ಥ ಹೊಳೆಯುವಂತೆ ಕಣ್ಣು ಮಿಟುಕಿಸಿ ಹೇಳುವ ಬಾಯಿಗಳೂ ಹುಟ್ಟಿಕೊಂಡವು. ವರ್ಮಾಂಟ್ ವಿಶ್ವವಿದ್ಯಾನಿಲಯದ ಗಾದೆಗಳ ವಿದ್ವಾಂಸ ವುಲ್ಫ್‌ಗ್ಯಾಂಗ್ ಮೀಡರ್ 2002ರಲ್ಲಿ ಈ ಒಂದು ನುಡಿಗಟ್ಟಿನ ಮೇಲೇ ಒಂದು ಪುಸ್ತಕ ಬರೆದರು. ಅದರ ಮೂಲ ನಿರ್ದೋಷಿ ಎಂಬುದನ್ನು ಪುರಾವೆ ಸಹಿತ ತೋರಿಸಿದ ಮೇಲೂ ಅವರು ಮುಟ್ಟಿದ ತೀರ್ಮಾನ, ಈಗ ಇದನ್ನು ಬಳಸದಿರುವುದೇ ಲೇಸು ಎಂದು.

ಇದಕ್ಕೆ ಎದುರು ವಾದವೂ ಬಲವಾಗಿಯೇ ಇದೆ. 1999ರ ಆರಂಭದಲ್ಲಿ ವಾಷಿಂಗ್ಟನ್ನಿನ ಮೇಯರ್ ಕಚೇರಿಯ ಒಬ್ಬ ಬಿಳಿಯ ಅಧಿಕಾರಿ ಆಯವ್ಯಯದ ಮಾತಿನಲ್ಲಿ ಜಿಪುಣತನವೆಂಬ ಅರ್ಥದ 'ನಿಗರ್ಡ್ಲಿ' ಪದವನ್ನು ಬಳಸಿ, ಅದು ಜನಾಂಗ ನಿಂದನೆಯಂತೆ ಕೇಳಿಸಿ ಗದ್ದಲವಾಗಿ, ಹುದ್ದೆ ಬಿಡಬೇಕಾಯಿತು. ಆ ಪದಕ್ಕೂ ಆ ನಿಂದನೆಗೂ ಬಾದರಾಯಣ ಸಂಬಂಧವೂ ಇಲ್ಲ. ಕಪ್ಪು ಜನರ ಹಕ್ಕುಗಳ ಹೋರಾಟಗಾರ ಜೂಲಿಯನ್ ಬಾಂಡ್ ಅವರೇ, ಕೇಳುವವರ ತಿಳಿವಳಿಕೆ ಸಾಲದೆಂದು ಆಡುವವರು ಮಾತು ಕತ್ತರಿಸಿಕೊಳ್ಳಬೇಕಾಗಿ ಬರುವುದು ಸರಿಯಲ್ಲವೆಂದರು. ಮೇಯರ್ ಆ ಅಧಿಕಾರಿಯನ್ನು ಮತ್ತೆ ಕೆಲಸಕ್ಕೆ ಕರೆದರು. ಆದರೆ ಸ್ಪೇಡಿನ ಪ್ರಕರಣ ಅಷ್ಟು ಸರಳವಲ್ಲ. ನಿಗರ್ಡ್ಲಿಯಲ್ಲಿ ಇದ್ದದ್ದು ಬರಿಯ ಸದ್ದಿನ ಹೋಲಿಕೆ. ಸ್ಪೇಡಿನಲ್ಲಿ ನಿಂದನೆಯ ಅರ್ಥ ನಿಘಂಟಿನಲ್ಲೇ ಇದೆ, ಅದನ್ನು ಮೈಮೇಲೆ ಎಸೆಯಿಸಿಕೊಂಡವರು ಬದುಕಿದ್ದಾರೆ. ವ್ಯುತ್ಪತ್ತಿ ಪದದ ಹುಟ್ಟನ್ನು ಹೇಳೀತೇ ಹೊರತು ಅದರ ಈಗಿನ ನಡತೆಗೆ ಜಾಮೀನು ನಿಲ್ಲಲಾರದು.

ಹಳೆಯ ಒಲಿಂಥಸ್ಸಿನ ಕಥೆಯನ್ನು ಇದರ ಪಕ್ಕಕ್ಕಿಟ್ಟರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ ಮಾತು ಮೆತ್ತಗಿರಲಿ ಎಂದು ಕೇಳಿದವರು ತಮ್ಮ ಊರನ್ನೇ ಮಾರಿದವರು. ಮಾತಿನಿಂದ ಅವರಿಗಾದ ನೋವಿಗೆ ಮರುಗಬೇಕಾದ್ದಿಲ್ಲ. ಹಾರ್ಲೆಮಿನಲ್ಲಿ, ನಾಟಿಂಗ್ ಹಿಲ್‌ನಲ್ಲಿ ಈ ಪದ ಬೇಡ ಎಂದವರು ಏನನ್ನೂ ಮಾರಿದವರಲ್ಲ, ಅವರ ಅಜ್ಜ ಮುತ್ತಜ್ಜಂದಿರೇ ಮಾರಾಟವಾದವರು. ನೇರ ಮಾತಿನ ಹೆಮ್ಮೆ ಎರಡೂ ಕಡೆ ಒಂದೇ ತೂಕದ್ದಲ್ಲ.

ಇನ್ನು ಕನ್ನಡದ ಕವಲು. ಸಲಿಕೆಯ ಸ್ಪೇಡ್ ಕನ್ನಡಕ್ಕೆ ಬರಲಿಲ್ಲ. ಸಲಿಕೆ, ಗುದ್ದಲಿ, ಹಾರೆ, ಪಿಕಾಸಿಗಳಿರುವ ನಾಡಿಗೆ ಅದರ ಅಗತ್ಯವೂ ಇರಲಿಲ್ಲ. ಬಂದದ್ದು ಎಲೆಯ ಸ್ಪೇಡ್. ಯುರೋಪಿನ ವರ್ತಕರು, ಸಿಪಾಯಿಗಳು ತಂದ ಆಟದ ಜೊತೆಗೆ ಬಣಗಳ ಹೆಸರೂ ಬಂದು ಇಸ್ಪೀಟು, ಆಟೀನು, ಡೈಮನ್, ಕಳಾವರ ಎಂದಾದವು. ಕಳಾವರ ಡಚ್ಚರ 'ಕ್ಲಾವರ್'. ಕತ್ತಿಯ ಬಣವನ್ನು ಡಚ್ಚರು ಸಲಿಕೆ ಎಂದೇ ಕರೆಯುವುದೂ ಒಂದು ತಮಾಷೆ. ಆದರೆ ಕನ್ನಡದಲ್ಲಿ ಇಸ್ಪೀಟು ಒಂದು ಬಣದ ಹೆಸರಾಗಿ ಸುಮ್ಮನಿರದೆ ಬೆಳೆಯುತ್ತ ಹೋಗಿ ಐವತ್ತೆರಡು ಎಲೆಗಳನ್ನೂ ನುಂಗಿಕೊಂಡಿತು. ಆಟೀನು ರಾಣಿಯೂ ಇಸ್ಪೀಟು ಎಲೆಯೇ, ಕಳಾವರ ಗುಲಾಮನೂ ಇಸ್ಪೀಟು ಎಲೆಯೇ. ಮೈಬಣ್ಣದ ಮಸಿ ಅದಕ್ಕೆ ಇಲ್ಲಿ ಅಂಟಲಿಲ್ಲ. ಬೇರೆ ಮಸಿ ಅಂಟಿತು. ಮಾಮ್ಲೂಕರ ಕತ್ತಿ ಇವತ್ತಿಗೂ ಜಿಲ್ಲಾ ಸುದ್ದಿಯ ಪುಟದ ಮೂಲೆಯಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ: ಇಸ್ಪೀಟು ಅಡ್ಡೆಯ ಮೇಲೆ ದಾಳಿ, ಪಣಕ್ಕಿಟ್ಟ ನಗದು ವಶ.